ನಾಲ್ಕಕ್ಷರದ ಹೊತ್ತಗೆ

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡು ಬೆಳೆದ ಸೀಮೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳದು. ನದಿಯ ಬದಿಯಲ್ಲಿ ಕಬ್ಬು, ನಿಪ್ಪಾಣಿಯ ಸುತ್ತ ಬೀಡಿ ತಂಬಾಕು, ಅಥಣಿಯ ಕಡೆಗೆ ದ್ರಾಕ್ಷಿ, ಮಳೆಯನ್ನೇ ನಂಬಿದ ಎರೆಹೊಲಗಳಲ್ಲಿ ಬಿಳಿಜೋಳ ಬೆಳೆಯುತ್ತವೆ. ಈ ಸೀಮೆಯ ಯಾವ ರೈತನ ಮನೆಗೆ ಹೋದರೂ ಪೆಟ್ಟಿಗೆಯ ತಳದಲ್ಲಿ ಜೋಪಾನವಾಗಿ ಮಡಿಸಿಟ್ಟ ಒಂದು ಕಾಗದವನ್ನು ಕಾಣಬಹುದು. ಅದು ಹೊಲದ ಉತಾರ. ಸರ್ವೆ ನಂಬರು ಯಾವುದು, ಎಕರೆ ಗುಂಟೆ ಎಷ್ಟು, ಒಡೆಯನಾರು, ಭೂಮಿಯ ಮೇಲಿನ ಭಾರವೇನು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಅದನ್ನು ಓದಬಲ್ಲ ಮಗನೋ ಮಗಳೋ ಮನೆಯಲ್ಲಿದ್ದರೆ ಹಿರಿಯರಿಗೆ ಧೈರ್ಯ. ಓದಲು ಬಾರದ ಕಾಲದಲ್ಲಿ ಕಾಗದ ತನ್ನದಾಗಿದ್ದರೂ ಅದರ ಅರ್ಥವನ್ನು ಪರರ ಬಾಯಿಂದ ಕೇಳಬೇಕಾಗಿತ್ತು. ಪರರು ಹೇಳಿದ್ದನ್ನೇ ನಂಬಿ ಹೆಬ್ಬೆಟ್ಟು ಒತ್ತಬೇಕಾಗಿತ್ತು.

ಹೊಲಕ್ಕೆ ಉತಾರವಿರುವಂತೆ ಹೊಲದಲ್ಲಿ ಬೆಳೆಯುವ ಪೈರಿಗೂ ಒಂದು ಉತಾರವಿದೆ. ಅದನ್ನು ಯಾವ ತಲಾಟಿಯೂ ಬರೆದಿಲ್ಲ. ಜೋಳದ ಕಾಳು, ಕಬ್ಬಿನ ಕಣ್ಣು, ದ್ರಾಕ್ಷಿಯ ಬಳ್ಳಿ, ಎತ್ತು, ಎಮ್ಮೆ, ಕೊನೆಗೆ ಮನುಷ್ಯ, ಈ ಎಲ್ಲವುಗಳ ಒಂದೊಂದು ಜೀವಕೋಶದಲ್ಲಿಯೂ ಅದು ಅಡಗಿದೆ. ಇಂದು ಆ ಬರಹವನ್ನು ಮನುಷ್ಯನು ಅಕ್ಷರ ಅಕ್ಷರವಾಗಿ ಓದಿ, ಗಣಕಯಂತ್ರಗಳಲ್ಲಿ ಕೂಡಿಟ್ಟು, ಅಂತರಜಾಲದ ಮೂಲಕ ಲೋಕಕ್ಕೆಲ್ಲ ತೆರೆದಿಟ್ಟಿದ್ದಾನೆ. ಅದನ್ನು ಹುಡುಕಿ ನೋಡುವ ಸಾಧನಗಳೂ ಕಾಸಿಲ್ಲದೆ ದೊರೆಯುತ್ತವೆ. ಅವುಗಳನ್ನು ಬಳಸುವುದನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಕಲಿಯಬೇಕು ಎಂಬುದೇ ಈ ಬರಹದ ಅಭಿಪ್ರಾಯ. ಇದು ಕೇವಲ ವಿಜ್ಞಾನಿಗಳಿಗೆ ಸೇರಿದ ವಿದ್ಯೆಯೆಂದು ದೂರವಿಟ್ಟರೆ, ಕಾಗದ ಕೈಯಲ್ಲಿದ್ದೂ ಅರ್ಥ ಪರರ ಬಾಯಲ್ಲಿರುವ ಹಳೆಯ ಅವಸ್ಥೆಯೇ ನಮಗೆ ಮರಳಿ ಬಂದೀತು.

ಈ ಬರಹದ ಲಿಪಿ ಬಹಳ ಸರಳವಾದುದು. ಕನ್ನಡದ ಮಗು ಐವತ್ತರಷ್ಟು ಅಕ್ಷರಗಳನ್ನು ತಿದ್ದಬೇಕು. ಜೀವಲೋಕದ ಲಿಪಿಗಿರುವುದು ನಾಲ್ಕೇ ಅಕ್ಷರ. ಡಿ.ಎನ್.ಎ. ಎಂಬ ಉದ್ದನೆಯ ಎಳೆಯಲ್ಲಿ ಅಡಿನೀನ್, ಸೈಟೋಸೀನ್, ಗ್ವಾನೀನ್, ಥೈಮೀನ್ ಎಂಬ ನಾಲ್ಕು ರಾಸಾಯನಿಕಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿರುತ್ತವೆ. ಅವುಗಳನ್ನು ಎ, ಸಿ, ಜಿ, ಟಿ ಎಂದು ಬರೆಯುವುದು ವಾಡಿಕೆ. ಆ ಎಳೆಗಳು ಸುತ್ತಿಕೊಂಡು ವರ್ಣತಂತುಗಳಾಗಿರುತ್ತವೆ. ಎಳೆಯ ಮೇಲೆ ಅಲ್ಲಲ್ಲಿ, ಇಂಥ ಸಸಾರಜನಕವನ್ನು ಕಟ್ಟು ಎಂದು ಅಪ್ಪಣೆ ಕೊಡುವ ತುಣುಕುಗಳಿವೆ, ಅವೇ ವಂಶವಾಹಿಗಳು. ಒಂದು ಜೀವಿಯ ಇಂಥ ಬರಹದ ಒಟ್ಟು ಮೊತ್ತಕ್ಕೆ ಜೀನೋಮ್ ಎಂದು ಹೆಸರು.

ಲಿಪಿ ಸರಳವಾದರೂ ಹೊತ್ತಗೆ ಚಿಕ್ಕದಲ್ಲ. ದ್ರಾಕ್ಷಿಯ ಜೀನೋಮಿನಲ್ಲಿ ಸುಮಾರು 50 ಕೋಟಿ ಅಕ್ಷರಗಳಿವೆ. ಜೋಳದಲ್ಲಿ ಸುಮಾರು 73 ಕೋಟಿ. ಮನುಷ್ಯನಲ್ಲಿ ಸುಮಾರು 310 ಕೋಟಿ. ಇಂದಿನ ಕಬ್ಬಿನಲ್ಲಿಯಾದರೋ ಸುಮಾರು 1,000 ಕೋಟಿ! ಕಬ್ಬು ಮನುಷ್ಯನಿಗಿಂತ ಮೂರು ಪಟ್ಟು ಜಾಣವೇ ಎಂದು ಯಾರಾದರೂ ನಕ್ಕು ಕೇಳಬಹುದು. ಹಾಗಲ್ಲ. ಕಬ್ಬು ಎರಡು ಜಾತಿಗಳ ಬೆರಕೆಯಿಂದ ಹುಟ್ಟಿದ ಪೈರು. ಒಂದೇ ಅಧ್ಯಾಯದ ಹತ್ತು ಹನ್ನೆರಡು ಪ್ರತಿಗಳು ಅದರಲ್ಲಿ ಕೂಡಿಕೊಂಡಿವೆ. ಹೊತ್ತಗೆ ದಪ್ಪವಾದ ಮಾತ್ರಕ್ಕೆ ಅದರಲ್ಲಿನ ಜ್ಞಾನ ದೊಡ್ಡದಾಗಬೇಕೆಂದೇನಿಲ್ಲ.

ಇಂಥ ಹೊತ್ತಗೆಗಳು ಎಲ್ಲರಿಗೂ ತೆರೆದಿರುವುದು ತಾನಾಗಿ ಆದ ಸಂಗತಿಯಲ್ಲ. ಅದರ ಹಿಂದೆ ಉದಾರಿಗಳ ನಿರ್ಧಾರವಿದೆ. 1982ರಲ್ಲಿ ಅಮೆರಿಕದಲ್ಲಿ ಜೆನ್‌ಬ್ಯಾಂಕ್ ಎಂಬ ಭಂಡಾರ ಆರಂಭವಾಯಿತು. ಯುರೋಪು ಮತ್ತು ಜಪಾನುಗಳ ಭಂಡಾರಗಳು ಅದರೊಡನೆ ಕೈಜೋಡಿಸಿದುವು. ಒಂದರಲ್ಲಿ ಸೇರಿದ ಮಾಹಿತಿ ಮೂರರಲ್ಲಿಯೂ ದೊರೆಯುವಂತೆ ಅವು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತವೆ. 1990ರಲ್ಲಿ ಮನುಷ್ಯನ ಜೀನೋಮನ್ನು ಓದುವ ಮಹಾಯೋಜನೆ ಮೊದಲಾಯಿತು. ಅದರಲ್ಲಿ ತೊಡಗಿದ್ದ ವಿಜ್ಞಾನಿಗಳು 1996ರಲ್ಲಿ ಬರ್ಮುಡಾ ದ್ವೀಪದಲ್ಲಿ ಸಭೆ ಸೇರಿ, ಓದಿದ ಅಕ್ಷರಗಳನ್ನು 24 ಗಂಟೆಗಳೊಳಗೆ ಲೋಕದ ಮುಂದೆ ಇಡಬೇಕೆಂದು ಒಪ್ಪಿಕೊಂಡರು. ಅದೇ ಕಾಲದಲ್ಲಿ ಒಂದು ಖಾಸಗಿ ಕಂಪನಿಯೂ ಅದೇ ಕೆಲಸಕ್ಕೆ ಕೈಹಾಕಿತ್ತು. ಆಗ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ವಿಶ್ವವಿದ್ಯಾಲಯದ ಜಿಮ್ ಕೆಂಟ್ ಎಂಬ ಸಂಶೋಧನಾ ವಿದ್ಯಾರ್ಥಿ ಕೆಲವೇ ವಾರಗಳಲ್ಲಿ ಹಗಲಿರುಳು ದುಡಿದು, ಚೂರುಚೂರಾಗಿದ್ದ ಬರಹವನ್ನು ಜೋಡಿಸುವ ಗಣಕ ಕ್ರಮವೊಂದನ್ನು ಬರೆದನು. 2000ದ ಜುಲೈ 7ರಂದು ಮನುಷ್ಯ ಜೀನೋಮಿನ ಕರಡು ಅಂತರಜಾಲದಲ್ಲಿ ಎಲ್ಲರಿಗೂ ಲಭ್ಯವಾಯಿತು. ಅದನ್ನು ನೋಡಲು ಆತನು ರಚಿಸಿದ ಸಾಧನ ಇಂದಿಗೂ ಬಳಕೆಯಲ್ಲಿದೆ. 2020ರ ಜನವರಿಯಲ್ಲಿ ಕೊರೋನಾ ವೈರಾಣುವಿನ ಸುಮಾರು 30,000 ಅಕ್ಷರಗಳ ಬರಹ ಹೀಗೆಯೇ ಬಹಿರಂಗವಾದುದರಿಂದ, ವೈರಾಣು ತಮ್ಮ ದೇಶಕ್ಕೆ ಬರುವ ಮೊದಲೇ ಅನೇಕ ರಾಷ್ಟ್ರಗಳ ವಿಜ್ಞಾನಿಗಳು ಪರೀಕ್ಷಾ ವಿಧಾನಗಳನ್ನು ಸಿದ್ಧಪಡಿಸಿಕೊಳ್ಳಲು ಸಾಧ್ಯವಾಯಿತು. ನಮ್ಮ ದೇಶದಲ್ಲಿಯೂ 2022ರಲ್ಲಿ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಗಿದೆ.

ಬಾಗಿಲು ತೆರೆದಿದೆ, ನಿಜ. ಆದರೆ ಓದಲು ಬಾರದವನಿಗೆ ತೆರೆದ ಕಪಾಟಿನ ಪುಸ್ತಕವೂ ಬೀಗ ಹಾಕಿದ ಕಪಾಟಿನ ಪುಸ್ತಕವೂ ಒಂದೇ. ಆದುದರಿಂದ ಈ ಭಂಡಾರವನ್ನು ಬಳಸುವ ಬಗೆಯನ್ನು ತುಸು ವಿವರವಾಗಿ ನೋಡೋಣ.

ಸಾಧನಗಳು ಹಲವು ಇದ್ದರೂ ಮುಖ್ಯವಾದವು ಮೂರು ಬಗೆಯವು. ಮೊದಲನೆಯದು ಹುಡುಕುವ ಸಾಧನ. ಪೈರಿನ ಹೆಸರನ್ನೋ ವಂಶವಾಹಿಯ ಹೆಸರನ್ನೋ ಬರೆದರೆ ಅದು ಭಂಡಾರದಲ್ಲಿರುವ ದಾಖಲೆಯನ್ನು ತೆಗೆದುಕೊಡುತ್ತದೆ. ಇಲ್ಲಿ ನೆನಪಿಡಬೇಕಾದ ಮಾತೊಂದಿದೆ. ನಾವು ಜೋಳವೆನ್ನುತ್ತೇವೆ, ನೆರೆಯ ಮರಾಠಿ ಮನೆಯವರು ಜ್ವಾರಿ ಎನ್ನುತ್ತಾರೆ. ಭಂಡಾರಕ್ಕೆ ಅದು ಸೋರ್ಗಮ್ ಬೈಕಲರ್. ಊರೂರಿಗೆ ಬದಲಾಗುವ ಹೆಸರುಗಳ ನಡುವೆ ಲೋಕಕ್ಕೆಲ್ಲ ಒಂದೇ ಹೆಸರು ಬೇಕೆಂದು ವಿಜ್ಞಾನವು ಲ್ಯಾಟಿನ್ ಹೆಸರುಗಳನ್ನು ಏಕೆ ಇಟ್ಟುಕೊಂಡಿತೆಂಬುದು ಪುಸ್ತಕದಲ್ಲಿ ಓದಿದಾಗ ತಿಳಿಯದಿದ್ದರೂ, ಇಲ್ಲಿ ಒಮ್ಮೆ ಹುಡುಕಿ ನೋಡಿದಾಗ ಚೆನ್ನಾಗಿ ಮನದಟ್ಟಾಗುತ್ತದೆ.

ಎರಡನೆಯದು ಜೀನೋಮ್ ನಕಾಶೆ. ಗಡಿಯಿಂದ ಗಡಿಗೆ ಜಿಲ್ಲೆಯನ್ನು ನೋಡಿ, ಅಲ್ಲಿಂದ ತಾಲ್ಲೂಕು, ಊರು, ಕೊನೆಗೆ ಒಂದು ಸರ್ವೆ ನಂಬರಿನ ಬದುವಿನವರೆಗೆ ಇಳಿಯುವಂತೆ, ಇಲ್ಲಿ ಇಡಿಯ ವರ್ಣತಂತುವಿನಿಂದ ಒಂದು ವಂಶವಾಹಿಯವರೆಗೆ, ಅಲ್ಲಿಂದ ಒಂದೇ ಒಂದು ಅಕ್ಷರದವರೆಗೆ ಇಳಿಯಬಹುದು. ಇಂಥ ವರ್ಣತಂತು, ಇಷ್ಟನೆಯ ಅಕ್ಷರದಿಂದ ಇಷ್ಟನೆಯ ಅಕ್ಷರದವರೆಗೆ ಎಂಬುದು ಇಲ್ಲಿನ ವಿಳಾಸ. ಆದರೆ ಮರುಮೋಜಣಿಯಾದಾಗ ಹೊಲದ ನಂಬರು ಬದಲಾಗುವಂತೆ, ಜೀನೋಮನ್ನು ಮತ್ತೆ ಓದಿ ತಿದ್ದಿದಾಗ ಅಕ್ಷರಗಳ ಎಣಿಕೆಯೂ ಬದಲಾಗುತ್ತದೆ. ಆದುದರಿಂದ ಯಾವ ವರ್ಷದ ಯಾವ ಆವೃತ್ತಿ ಎಂಬುದನ್ನು ಬರೆದಿಟ್ಟುಕೊಳ್ಳದೆ ವಿಳಾಸವನ್ನಷ್ಟೇ ಬರೆದುಕೊಂಡರೆ, ಹಳೆಯ ಉತಾರ ಹಿಡಿದು ಹೊಸ ಹೊಲವನ್ನು ಹುಡುಕಿದಂತಾಗುತ್ತದೆ.

ಮೂರನೆಯದು ಹೋಲಿಸುವ ಸಾಧನ. ಇದರಲ್ಲಿ ಹೆಸರಾದುದು 1990ರಲ್ಲಿ ಪ್ರಕಟವಾದ ಬ್ಲಾಸ್ಟ್. ಗುರುತು ತಿಳಿಯದ ಬರಹದ ತುಣುಕೊಂದನ್ನು ಕೊಟ್ಟರೆ, ಭಂಡಾರದ ಕೋಟ್ಯಂತರ ದಾಖಲೆಗಳಲ್ಲಿ ಅದನ್ನು ಹೋಲುವವು ಯಾವುವೆಂದು ಅದು ಕೆಲವು ಕ್ಷಣಗಳಲ್ಲಿ ತೋರಿಸುತ್ತದೆ. ಜಾತ್ರೆಯಲ್ಲಿ ಸಿಕ್ಕ ಮಗುವಿನ ಮೂಗನ್ನಷ್ಟೇ ನೋಡಿ ಇಂಥವರ ಮನೆಯ ಮಗುವೆಂದು ಹೇಳುವುದು ಅಪಾಯ. ಮುಖ, ಮಾತು, ನಡಿಗೆ ಎಲ್ಲವೂ ಹೊಂದಿದರೆ ಧೈರ್ಯದಿಂದ ಹೇಳಬಹುದು. ಹಾಗೆಯೇ ಹತ್ತು ಅಕ್ಷರಗಳ ಹೋಲಿಕೆ ಆಕಸ್ಮಿಕವಾಗಿಯೂ ಆಗಬಹುದು. ಸಾವಿರ ಅಕ್ಷರಗಳ ಹೋಲಿಕೆ ಆಕಸ್ಮಿಕವಾಗಿ ಆಗಲಾರದು. ಇಂಥ ಹೋಲಿಕೆ ಕೇವಲ ಆಕಸ್ಮಿಕವಾಗಿ ಎಷ್ಟು ಸಲ ದೊರೆಯಬಹುದು ಎಂಬುದನ್ನು ಬ್ಲಾಸ್ಟ್ ಒಂದು ಸಂಖ್ಯೆಯಲ್ಲಿ ತಿಳಿಸುತ್ತದೆ. ಆ ಸಂಖ್ಯೆ ಸೊನ್ನೆಗೆ ಹತ್ತಿರವಾದಷ್ಟೂ ನಂಬಿಕೆ ಹೆಚ್ಚು. ಗಣಿತದ ತರಗತಿಯಲ್ಲಿ ಸಂಭವನೀಯತೆ ಎಂಬ ಪಾಠ ಏಕಿದೆಯೆಂದು ಬೇಸರಿಸುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಈಗ ನಮ್ಮ ತೋಟದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಅಥಣಿಯ ದ್ರಾಕ್ಷಿ ತೋಟಗಳಲ್ಲಿ, ಗಡಿಯಾಚೆಯ ಸಾಂಗ್ಲಿ, ಸೊಲ್ಲಾಪುರಗಳಲ್ಲಿ ಬೆಳೆಯುವ ಬೀಜರಹಿತ ದ್ರಾಕ್ಷಿಗಳಲ್ಲಿ ಬಹುಪಾಲು ಥಾಮ್ಸನ್ ಸೀಡ್‌ಲೆಸ್ ಎಂಬ ತಳಿಯ ಮನೆತನಕ್ಕೆ ಸೇರಿದವು. ತಾಸಗಾಂವದ ಕಡೆಯ ರೈತರು ತಮ್ಮ ತೋಟದಲ್ಲಿ ಬೇರೆಯಾಗಿ ಕಂಡ ಬಳ್ಳಿಯನ್ನು ಆರಿಸಿ ಬೆಳೆಸಿದ ತಾಸ್-ಎ-ಗಣೇಶ್ ಎಂಬ ತಳಿಯೂ ಅದೇ ಮನೆತನದ್ದು. ಈ ಹಣ್ಣಿನಲ್ಲಿ ಬೀಜ ಹುಟ್ಟುವುದೇ ಇಲ್ಲವೆಂದಲ್ಲ. ಹುಟ್ಟಲಾರಂಭಿಸಿ ನಡುವೆಯೇ ನಿಂತುಹೋಗುತ್ತದೆ. ಹಣ್ಣನ್ನು ಸೀಳಿ ಸೂಕ್ಷ್ಮವಾಗಿ ನೋಡಿದರೆ ಅದರ ಮೆತ್ತನೆಯ ಗುರುತು ಕಾಣುತ್ತದೆ. ಏಕೆ ನಿಂತುಹೋಗುತ್ತದೆ? ಈ ಪ್ರಶ್ನೆಗೆ 2018ರಲ್ಲಿ ಸ್ಪೇನಿನ ವಿಜ್ಞಾನಿಗಳು ಸ್ಪಷ್ಟವಾದ ಉತ್ತರ ಕೊಟ್ಟರು. ದ್ರಾಕ್ಷಿಯ 18ನೆಯ ವರ್ಣತಂತುವಿನಲ್ಲಿ ಎ.ಜಿ.ಎಲ್.11 ಎಂಬ ವಂಶವಾಹಿಯೊಂದಿದೆ. ಬೀಜದ ಸಿಪ್ಪೆ ಬೆಳೆಯಲು ಅದು ಬೇಕು. ಅದು ಕಟ್ಟುವ ಸಸಾರಜನಕದ 197ನೆಯ ಸ್ಥಾನದಲ್ಲಿ ಅರ್ಜಿನೀನ್ ಇರಬೇಕಾದ ಕಡೆ ಬೀಜರಹಿತ ತಳಿಗಳಲ್ಲಿ ಲ್ಯೂಸೀನ್ ಇರುತ್ತದೆ.

ಇಲ್ಲಿ ವಿದ್ಯಾರ್ಥಿಯೇ ಒಂದು ಲೆಕ್ಕ ಮಾಡಬಹುದು. ಜೀವಲೋಕದ ಭಾಷೆಯಲ್ಲಿ ಮೂರು ಅಕ್ಷರ ಸೇರಿದರೆ ಒಂದು ಪದ. ಒಂದು ಪದಕ್ಕೆ ಒಂದು ಅಮೈನೋ ಆಮ್ಲ. 197ನ್ನು ಮೂರರಿಂದ ಗುಣಿಸಿದರೆ 591. ಆದುದರಿಂದ ಆ ಪದದ ಅಕ್ಷರಗಳು 589, 590, 591. ಸಿ-ಜಿ ಎಂದು ಮೊದಲಾಗುವ ಪದಗಳು ಅರ್ಜಿನೀನಿಗೆ, ಸಿ-ಟಿ ಎಂದು ಮೊದಲಾಗುವ ಪದಗಳು ಲ್ಯೂಸೀನಿಗೆ ಮೀಸಲು. ಹಾಗಾದರೆ 590ನೆಯ ಅಕ್ಷರ ಜಿ ಇದ್ದದ್ದು ಟಿ ಆಗಿದೆ. ಅಷ್ಟೇ. ಸುಮಾರು 50 ಕೋಟಿ ಅಕ್ಷರಗಳಲ್ಲಿ ಒಂದು ಅಕ್ಷರ ತಪ್ಪಿದ್ದರಿಂದ ಬೀಜವಿಲ್ಲದ ಹಣ್ಣು ಹುಟ್ಟಿತು. ಆ ತಪ್ಪನ್ನು ಮನುಷ್ಯನು ಮೆಚ್ಚಿ, ಬಳ್ಳಿಯ ಕಡ್ಡಿಗಳನ್ನು ನೆಟ್ಟು ನೆಟ್ಟು ಲೋಕಕ್ಕೆಲ್ಲ ಹರಡಿದನು. ನಾವು ಕಾಗುಣಿತದಲ್ಲಿ ಒಂದು ಅಕ್ಷರ ತಪ್ಪಿದರೆ ಗುರುಗಳು ಗದರಿಸುವುದುಂಟು. ನಿಸರ್ಗ ತಪ್ಪಿದ ಒಂದಕ್ಷರದಿಂದ ಅಥಣಿಯ ಒಣದ್ರಾಕ್ಷಿ ನಮ್ಮ ಪಾಯಸಕ್ಕೆ ಬಂತು!

ಈ ವಂಶವಾಹಿಯನ್ನು ನಕಾಶೆಯಲ್ಲಿ ತೆರೆದು ನೋಡುವ ಮಗುವಿಗೆ ಎರಡು ತೊಡಕುಗಳು ಎದುರಾಗುತ್ತವೆ. ಆ ತೊಡಕುಗಳೇ ನಿಜವಾದ ಪಾಠ. 2007ರಲ್ಲಿ ಮೊದಲು ಓದಲಾದ ದ್ರಾಕ್ಷಿಯ ಜೀನೋಮು ಪಿನೋ ನ್ವಾರ್ ಎಂಬ ತಳಿಯಿಂದ ಬಂದ ಬಳ್ಳಿಯದು, ಅದು ಬೀಜವುಳ್ಳದ್ದು. ಹಾಗಾಗಿ ನಕಾಶೆಯಲ್ಲಿ ತಪ್ಪಿದ ಅಕ್ಷರ ಕಾಣುವುದಿಲ್ಲ. ಭಂಡಾರದಲ್ಲಿರುವ ಒಂದು ಪ್ರತಿ ಆ ಜಾತಿಯ ಎಲ್ಲ ಬಳ್ಳಿಗಳ ಪ್ರತಿಯಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಎರಡನೆಯ ತೊಡಕು ಡಿ.ಎನ್.ಎ.ಯ ಎರಡು ಎಳೆಗಳದು. ಒಂದು ಎಳೆಯಲ್ಲಿ ಜಿ ಇದ್ದರೆ ಎದುರಿನ ಎಳೆಯಲ್ಲಿ ಸಿ ಇರುತ್ತದೆ. ಟಿ ಇದ್ದರೆ ಎ ಇರುತ್ತದೆ. ವಂಶವಾಹಿಯು ಎದುರಿನ ಎಳೆಯ ಮೇಲಿದ್ದರೆ ನಕಾಶೆಯಲ್ಲಿ ಅದು ಕನ್ನಡಿಯೊಳಗಿನ ಬರಹದಂತೆ ತಿರುಗಿ ಕಾಣುತ್ತದೆ. ಪುಸ್ತಕದಲ್ಲಿ ಓದಿದ ಜೋಡಿ ಎಳೆಗಳ ನಿಯಮ ಆಗ ಪರೀಕ್ಷೆಯ ಉತ್ತರವಾಗಿ ಉಳಿಯದೆ ದಾರಿ ತೋರುವ ದೀಪವಾಗುತ್ತದೆ.

ಇದರಿಂದ ರೈತನಿಗೇನು ಲಾಭವೆಂದು ಕೇಳಬಹುದು. ಬೀಜದಿಂದ ಹುಟ್ಟಿಸಿದ ದ್ರಾಕ್ಷಿಯ ಸಸಿ ಹಣ್ಣು ಬಿಡಲು ಕೆಲವು ವರ್ಷಗಳೇ ಬೇಕು. ಹೊಸ ತಳಿಯನ್ನು ಎಬ್ಬಿಸುವವನು ಅಲ್ಲಿಯ ತನಕ ಕಾದು, ಹಣ್ಣು ಬಿಟ್ಟ ಮೇಲೆ ಬೀಜವಿದೆಯೆಂದು ಕಂಡು ಬಳ್ಳಿಯನ್ನು ಕಿತ್ತೆಸೆಯಬೇಕಾಗುತ್ತಿತ್ತು. ಈಗ ಎಳೆಯ ಸಸಿಯ ಒಂದು ಎಲೆಯಿಂದಲೇ ಆ ಅಕ್ಷರವನ್ನು ಪರೀಕ್ಷಿಸಿ ಮುಂದಿನ ಗತಿಯನ್ನು ತಿಳಿಯಬಹುದು.

ಕಬ್ಬಿನ ಕಥೆ ಇನ್ನೂ ಸ್ವಾರಸ್ಯವಾದುದು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಅಭಿವೃದ್ಧಿ ಕೇಂದ್ರ ಸ್ಥಾಪನೆಯಾಯಿತು. ಅಲ್ಲಿ ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಅವರು ಸಿಹಿಯಾದ ದಪ್ಪ ಕಬ್ಬನ್ನು ಹೊಳೆದಂಡೆಯ ಗಟ್ಟಿಮುಟ್ಟಾದ ಕಾಡುಕಬ್ಬಿನೊಡನೆ ಕೂಡಿಸಿ ಕೊ 205 ಎಂಬ ತಳಿಯನ್ನು ಪಡೆದರು. ಜಾನಕಿ ಅಮ್ಮಾಳ್ ಅವರು 1930ರ ದಶಕದಲ್ಲಿ ಅದೇ ಕೇಂದ್ರದಲ್ಲಿ ಕಬ್ಬು ಮತ್ತು ಅದರ ಬಂಧುಬಳಗದ ಹುಲ್ಲುಗಳ ವರ್ಣತಂತುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಅಭ್ಯಸಿಸಿದರು. ಅಂದು ಅವರ ಕೈಯಲ್ಲಿ ಗಣಕಯಂತ್ರವಿರಲಿಲ್ಲ. ಇಂದು ನಮ್ಮ ಭಾಗದಲ್ಲಿ ಮನೆಮಾತಾಗಿರುವ ಕೊ 86032 ಕಬ್ಬು ಅದೇ ಪರಂಪರೆಯ ಕುಡಿ. ರೀಯೂನಿಯನ್ ದ್ವೀಪದ ಆರ್ 570 ಎಂಬ ಕಬ್ಬಿನ ಜೀನೋಮನ್ನು ವಿಸ್ತಾರವಾಗಿ ಓದಿ ಪ್ರಕಟಿಸಿದ್ದು 2024ರಲ್ಲಿ. ದ್ರಾಕ್ಷಿಗಿಂತ ಹದಿನೇಳು ವರ್ಷ ತಡವಾಗಿ. ಸುಮಾರು 114 ವರ್ಣತಂತುಗಳ ಆ ಗೋಜಲನ್ನು ಬಿಡಿಸುವುದು ಅಷ್ಟು ಕಷ್ಟವಾಗಿತ್ತು. ಆ ತನಕ ವಿಜ್ಞಾನಿಗಳಿಗೆ ಊರುಗೋಲಾಗಿದ್ದುದು ಯಾವುದು ಗೊತ್ತೆ? ನಮ್ಮ ರೊಟ್ಟಿಯ ಜೋಳ. ಕಬ್ಬೂ ಜೋಳವೂ ಹತ್ತಿರದ ದಾಯಾದಿಗಳು. 2009ರಲ್ಲಿ ಪ್ರಕಟವಾದ ಜೋಳದ ಜೀನೋಮಿನ ನಕಾಶೆಯನ್ನು ಮುಂದಿಟ್ಟುಕೊಂಡೇ ಅವರು ಕಬ್ಬಿನ ವಂಶವಾಹಿಗಳ ಜಾಡು ಹಿಡಿದರು. ಹೋಲಿಸುವ ಸಾಧನದಲ್ಲಿ ಕಬ್ಬಿನ ವಂಶವಾಹಿಯೊಂದನ್ನು ಇಟ್ಟು ನೋಡಿದರೆ ಜೋಳದ ದಾಖಲೆ ಮುಂಚೂಣಿಯಲ್ಲಿ ಬಂದು ನಿಲ್ಲುವುದನ್ನು ವಿದ್ಯಾರ್ಥಿಯೂ ಕಾಣಬಹುದು. ನಿಪ್ಪಾಣಿಯ ತಂಬಾಕು ಕೂಡ ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ ಗಿಡವೆಂಬುದಕ್ಕೆ 2014ರಲ್ಲಿ ಪ್ರಕಟವಾದ ಅದರ ಜೀನೋಮೇ ಸಾಕ್ಷಿ. ತಂಬಾಕು ದೇಹಕ್ಕೆ ಕೇಡು. ಆದರೆ ಕೇಡಿನ ಗಿಡದ ಬರಹವನ್ನು ಓದುವುದು ಕೇಡಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ವಂಶವಾಹಿಯೇ ಸರ್ವಸ್ವವೆಂದು ತಿಳಿಯುವುದು ದೊಡ್ಡ ತಪ್ಪು. ಕಬ್ಬನ್ನು ನಾವು ಬೀಜದಿಂದ ಬೆಳೆಯುವುದಿಲ್ಲ, ತುಂಡಿನಿಂದ ಬೆಳೆಯುತ್ತೇವೆ. ಆದುದರಿಂದ ಕೊ 86032ನ್ನು ನೆಟ್ಟ ಎಲ್ಲ ಹೊಲಗಳಲ್ಲಿಯೂ ಇರುವುದು ಬಹುಮಟ್ಟಿಗೆ ಒಂದೇ ಹೊತ್ತಗೆ. ಹೀಗಿದ್ದರೂ ಒಬ್ಬನ ಹೊಲದಲ್ಲಿ ಕಬ್ಬು ಆಳೆತ್ತರ ಮೀರಿ ನಿಂತರೆ, ಬದುವಿನಾಚೆ ಮೊಣಕಾಲೆತ್ತರಕ್ಕೆ ಸೊರಗಿ ನಿಲ್ಲುವುದನ್ನು ಕೃಷ್ಣಾ ತೀರದಲ್ಲಿ ನಾವು ಕಂಡಿಲ್ಲವೇ? ಮಿತಿಮೀರಿ ನೀರು ಹಾಯಿಸಿ ಭೂಮಿ ಸವಳು ಜವಳಾಗಿದ್ದರೆ ಎಂಥ ಒಳ್ಳೆಯ ತಳಿಯೂ ಕೈಚೆಲ್ಲುತ್ತದೆ. ಬರಹ ಒಂದೇ; ಮಣ್ಣು, ನೀರು, ಆರೈಕೆ ಬೇರೆ; ಆದುದರಿಂದ ಫಲವೂ ಬೇರೆ. ಗಣಕದ ಪರದೆಯನ್ನು ನೋಡಲು ಕಲಿತವನು ಹೊಲವನ್ನು ನೋಡುವುದನ್ನು ಮರೆತರೆ ಅವನ ವಿದ್ಯೆ ಅರ್ಧ ವಿದ್ಯೆ.

ಮನುಷ್ಯನ ವಿಷಯದಲ್ಲಿ ಈ ಎಚ್ಚರಿಕೆ ನೂರುಮಡಿ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ಇಪ್ಪತ್ತು ಸಂಸ್ಥೆಗಳು ಸೇರಿ ಸುಮಾರು 10,000 ಭಾರತೀಯರ ಜೀನೋಮುಗಳನ್ನು ಓದಿದವು. 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ಲಭ್ಯಗೊಳಿಸಲಾಯಿತು. ಪೈರುಗಳ ದತ್ತಾಂಶದಂತೆ ಇದನ್ನು ಬೀದಿಯಲ್ಲಿ ಹರಡಿಲ್ಲ. ನಿಯಮಕ್ಕೆ ಒಳಪಟ್ಟು ಕೇಳಿದವರಿಗೆ ಕೊಡುತ್ತಾರೆ. ಅದು ಸರಿಯಾದುದೇ. ಒಬ್ಬನ ಜೀನೋಮು ಅವನೊಬ್ಬನ ಗುಟ್ಟಲ್ಲ. ಅವನ ತಂದೆ ತಾಯಿ, ಅಣ್ಣ ತಂಗಿ, ಹುಟ್ಟಲಿರುವ ಮಕ್ಕಳ ಗುಟ್ಟೂ ಅದರಲ್ಲಿದೆ. ಕುತೂಹಲಕ್ಕಾಗಿ ಅದನ್ನು ಅಪರಿಚಿತರ ಕೈಗೆ ಒಪ್ಪಿಸುವುದು ವಿವೇಕವಲ್ಲ. ಇನ್ನು ಈ ವಿದ್ಯೆಯನ್ನು ಹಿಡಿದು ತಮ್ಮ ಕುಲ ಶ್ರೇಷ್ಠ, ತಮ್ಮ ರಕ್ತ ಶುದ್ಧ ಎಂದು ಸಾಧಿಸಹೊರಡುವವರು ಇದ್ದಾರೆ. ಅವರು ಓದಿರುವುದು ಹೊತ್ತಗೆಯ ಹೊದಿಕೆಯನ್ನು ಮಾತ್ರ. ಯಾವ ಇಬ್ಬರು ಮನುಷ್ಯರ ಬರಹವನ್ನು ಎದುರುಬದುರಾಗಿ ಇಟ್ಟರೂ ಸಾವಿರಕ್ಕೆ ಸುಮಾರು 999 ಅಕ್ಷರಗಳು ಒಂದೇ ಆಗಿರುತ್ತವೆ. ಉಳಿದ ಒಂದರ ಮೇಲೆ ಮೇಲು ಕೀಳಿನ ಮಾಳಿಗೆ ಕಟ್ಟುವುದು ಅಜ್ಞಾನವಲ್ಲದೆ ಮತ್ತೇನು?

ಪ್ರೌಢಶಾಲೆಯ ಮಕ್ಕಳಿಗೆ ಇದೆಲ್ಲ ಏಕೆ ಎನ್ನುವವರ ಆಕ್ಷೇಪಗಳನ್ನೂ ಪರಿಶೀಲಿಸಬೇಕು. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲವಲ್ಲ ಎಂಬುದು ಮೊದಲ ಆಕ್ಷೇಪ. ಪರೀಕ್ಷೆಯಲ್ಲಿ ಕೇಳುವ ವರ್ಣತಂತು, ಅನುವಂಶೀಯತೆ, ಸಂಭವನೀಯತೆಗಳೇ ಇಲ್ಲಿ ಜೀವ ತಳೆದು ನಿಲ್ಲುತ್ತವೆ ಎಂಬುದನ್ನು ಈಗಾಗಲೇ ನೋಡಿದೆವು. ಎಲ್ಲವೂ ಇಂಗ್ಲಿಷಿನಲ್ಲಿದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಕನ್ನಡದ ಮಗು ತನ್ನ ತೋಟದ ದ್ರಾಕ್ಷಿಯನ್ನು ಅರಿಯಲು ಪರಭಾಷೆಯ ಹೊಸ್ತಿಲು ದಾಟಬೇಕಾಗಿರುವುದು ನ್ಯಾಯವಲ್ಲ. ಈ ಸಾಧನಗಳನ್ನು ಬಳಸುವ ಕೈಪಿಡಿಗಳು ಕನ್ನಡದಲ್ಲಿ ಬರಬೇಕು. ಅದು ಬಲ್ಲವರ ಮೇಲಿರುವ ಋಣ. ಆದರೆ ಅವು ಬರುವ ತನಕ ಕೈಕಟ್ಟಿ ಕುಳಿತುಕೊಳ್ಳಬೇಕೆ? ಒಂದು ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಮರಾಠಿ ಕೇಳಿ ಬೆಳೆದ ಗಡಿನಾಡಿನ ಮಗುವಿಗೆ ಹೊಸ ಮಾತು ಕಲಿಯುವುದು ಹೊಸತಲ್ಲ. ಅಲ್ಲದೆ ಈ ಸಾಧನಗಳಲ್ಲಿ ಪದೇ ಪದೇ ಬರುವ ಶಬ್ದಗಳು ಐವತ್ತನ್ನು ಮೀರಲಾರವು. ಅವುಗಳನ್ನು ಒಂದು ವಹಿಯಲ್ಲಿ ಕನ್ನಡದ ಅರ್ಥದೊಡನೆ ಬರೆದಿಟ್ಟುಕೊಂಡರೆ ಅದೇ ಮೊದಲ ಕೈಪಿಡಿಯಾದೀತು.

ಮೂರನೆಯ ಆಕ್ಷೇಪ ಇತ್ತೀಚಿನದು. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಯಂತ್ರಗಳು ಈಗ ಬಂದಿರುವಾಗ ಭಂಡಾರಕ್ಕೆ ಹೋಗಿ ತಾನೇ ಹುಡುಕುವ ಶ್ರಮವೇಕೆ ಎಂದು ಕೆಲವರು ಕೇಳುತ್ತಾರೆ. ಯಂತ್ರವು ಹೇಳಿದ್ದು ಸರಿಯೇ ಎಂದು ತಿಳಿಯುವ ದಾರಿ ಯಾವುದು? ಮೂಲ ದಾಖಲೆಯನ್ನು ತೆರೆದು ನೋಡುವುದೊಂದೇ. ಮೂಲ ದಾಖಲೆಯಲ್ಲಿಯೂ ತಪ್ಪುಗಳಿರುತ್ತವೆ. ಎಷ್ಟೋ ವಂಶವಾಹಿಗಳ ಕೆಲಸವನ್ನು ಯಾರೂ ಪ್ರಯೋಗದಿಂದ ಕಂಡುಕೊಂಡಿಲ್ಲ. ಹೋಲಿಕೆಯ ಮೇಲೆ ಗಣಕವು ಊಹಿಸಿ ಬರೆದಿದೆ. ಹಾಗೆ ಊಹಿಸಿದ್ದೆಂದು ದಾಖಲೆಯಲ್ಲಿ ಸೂಚಿಸಿರುವುದೂ ಉಂಟು. ಆ ಸೂಚನೆಯನ್ನು ಓದುವವನೇ ನಿಜವಾದ ಓದುಗ. ಪರರು ಓದಿ ಹೇಳಿದ್ದನ್ನು ನಂಬಿ ಹೆಬ್ಬೆಟ್ಟು ಒತ್ತುವುದಕ್ಕೂ ಯಂತ್ರವು ಹೇಳಿದ್ದನ್ನು ನಂಬಿ ಬರೆದುಕೊಳ್ಳುವುದಕ್ಕೂ ಹೆಚ್ಚಿನ ಅಂತರವಿಲ್ಲ.

ಈ ಕಲಿಕೆಗೆ ದೊಡ್ಡ ಪ್ರಯೋಗಶಾಲೆ ಬೇಕಾಗಿಲ್ಲ. ಶಾಲೆಯಲ್ಲಿ ಅಂತರಜಾಲವುಳ್ಳ ಒಂದು ಗಣಕಯಂತ್ರ, ವಾರಕ್ಕೊಂದು ತಾಸು, ತಿಳಿಯದಿದ್ದುದನ್ನು ಮಕ್ಕಳೊಡನೆ ತಾನೂ ಕಲಿಯಲು ಸಿದ್ಧರಿರುವ ಒಬ್ಬ ಶಿಕ್ಷಕರು ಇದ್ದರೆ ಸಾಕು. ಮೊದಲು ಮಕ್ಕಳು ಮನೆಗೆ ಹೋಗಿ ತಮ್ಮ ಹೊಲದ ತಳಿ ಯಾವುದು, ಅಜ್ಜನ ಕಾಲದಲ್ಲಿ ಯಾವುದಿತ್ತು, ಯಾವುದು ಬರವನ್ನು ತಾಳುತ್ತಿತ್ತು, ಯಾವುದರ ರೊಟ್ಟಿ ರುಚಿ ಎಂದು ಹಿರಿಯರನ್ನು ಕೇಳಿ ಬರೆದು ತರಲಿ. ಬಳಿಕ ಆ ಪೈರಿನ ದಾಖಲೆಯನ್ನು ಭಂಡಾರದಲ್ಲಿ ಹುಡುಕಲಿ. ನಿಪ್ಪಾಣಿಯಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಬಗೆಹರಿಯದ ಪ್ರಶ್ನೆಗಳನ್ನು ಅಂಥಲ್ಲಿಗೆ ಕೊಂಡೊಯ್ಯಲಿ. ಅಜ್ಜ ಹೇಳಿದ ಮಾತು ಭಂಡಾರದಲ್ಲಿ ದೊರೆಯದೆ ಹೋದರೆ ಅಜ್ಜ ತಪ್ಪೆಂದು ತಿಳಿಯಬೇಕಾಗಿಲ್ಲ. ಅದನ್ನು ಇನ್ನೂ ಯಾರೂ ಓದಿ ಸೇರಿಸಿಲ್ಲವೆಂದು ಅರ್ಥ. ಬೇರೆಯಾಗಿ ಕಂಡ ಬಳ್ಳಿಯನ್ನು ಗುರುತಿಸಿದ ತಾಸಗಾಂವದ ರೈತನ ಕಣ್ಣು ಯಾವ ಗಣಕಕ್ಕೂ ಕಡಮೆಯಾದುದಲ್ಲ. ಆ ಕಣ್ಣಿಗೆ ಈ ಅಕ್ಷರಜ್ಞಾನವೂ ಕೂಡಿಬಂದರೆ ಆಗುವ ಬೆಳಕೇ ಬೇರೆ.

ನಮ್ಮ ಹಿರಿಯರು ಕಷ್ಟಪಟ್ಟು ನಮಗೆ ಅಕ್ಷರ ಕಲಿಸಿದ್ದು ನಮ್ಮ ಹೊಲದ ಕಾಗದವನ್ನು ನಾವೇ ಓದಿಕೊಳ್ಳಲಿ ಎಂದು. ಈಗ ಹೊಲದೊಳಗಿನ ಪೈರಿನ ಬರಹವೇ ಓದಿಗೆ ತೆರೆದಿದೆ. ಅದಕ್ಕೆ ಒಡೆಯರಿಲ್ಲ, ಬೀಗವಿಲ್ಲ, ಬೆಲೆಯಿಲ್ಲ. ಕಲಿಯಬೇಕಾದ ಅಕ್ಷರಗಳು ನಾಲ್ಕೇ ನಾಲ್ಕು. ಕೃಷ್ಣೆಯ ದಂಡೆಯ ಮಕ್ಕಳು ಅವನ್ನು ಕಲಿಯಲಿ. ಕಲಿತು ತಮ್ಮ ಕಣ್ಣಿನಿಂದಲೇ ಓದಲಿ.